ನಾನೂರ ಹದಿನೇಳು ಸೆಕೆಂಡು

ಜೂನ್ 4

ನನ್ನ ಮುದ್ದು ಗಡಿಯಾರವೇ,

ಫೋನ್ ಎತ್ತುವುದಿಲ್ಲ, ಮೆಸೇಜು ಓದುವುದಿಲ್ಲ, ಮದುವೆಗೂ ಬರಲಿಲ್ಲ. ಕೊನೆಗೆ ನಿನ್ನ ತಮ್ಮನಿಗೆ ದುಂಬಾಲು ಬಿದ್ದು ನೀನು ಕೆಲಸ ಮಾಡುವ ಆಸ್ಪತ್ರೆಯ ವಿಳಾಸ ಸಂಪಾದಿಸಿ, ಕಾಗದ ಪೆನ್ನು ಹಿಡಿದು ಕೂತಿದ್ದೇನೆ. ಇಂಗ್ಲಿಷ್ ಮೀಡಿಯಮ್ಮಿನ ಕೈ, ಎಲ್ಲಾದರೂ ಒತ್ತಕ್ಷರ ಜಾರಿದರೆ ನಗು, ಆದರೆ ಹರಿದು ಹಾಕಬೇಡ. ಎರಡು ವರ್ಷ ಹಾಸ್ಟೆಲಿನ ಒಂದೇ ರೂಮಿನಲ್ಲಿ, ಒಂದೇ ಹೀಟರಿನ ಕಡೆಗೆ ಕಾಲು ಚಾಚಿ ಮಲಗಿದವರು ನಾವು.

ಮದುವೆಯಾಗಿ ಇವತ್ತಿಗೆ ಇಪ್ಪತ್ಮೂರು ದಿನ. ಎಷ್ಟು ಖುಷಿ ಎಂದು ಹೇಳಲು ನನಗೆ ಯಾವ ಭಾಷೆಯೂ ಸಾಲದು. ಲ್ಯಾಬಿನಲ್ಲಿ ನಮ್ಮಿಬ್ಬರಿಗೂ ಸೀನಿಯರ್ ಆಗಿದ್ದವರನ್ನು ಈಗ 'ಇವರು' ಎಂದು ಬರೆಯುವಾಗ ಕಿವಿಯೆಲ್ಲ ಬಿಸಿಯಾಗುತ್ತದೆ. ಮೂರನೆಯ ಮಹಡಿಯಲ್ಲಿ ಎರಡು ರೂಮಿನ ಕ್ವಾರ್ಟರ್ಸು. ಬೀರುವಿನ ಬಾಗಿಲು ತೆಗೆದರೆ ರೂಮಿನ ಬಾಗಿಲು ತೆಗೆಯಲು ಬರುವುದಿಲ್ಲ. ಅಡುಗೆಮನೆ ಕಿಟಕಿಯಿಂದ ಲ್ಯಾಬಿನ ಹಿಂಗೋಡೆ, ಅದಕ್ಕೆ ನೇತು ಹಾಕಿದ ಏಸಿ ಪೆಟ್ಟಿಗೆಗಳು ಕಾಣುತ್ತವೆ. ಅವುಗಳಲ್ಲಿ ಎಡದಿಂದ ನಾಲ್ಕನೆಯದು ಇವರ ಟೇಬಲಿನ ನೇರಕ್ಕಿದೆ. ಪಾತ್ರೆ ತೊಳೆಯುವಾಗ ಅದನ್ನೇ ನೋಡುತ್ತಾ ನಿಂತಿರುತ್ತೇನೆ. ಹುಚ್ಚಿ ಅನ್ನು, ಪರವಾಗಿಲ್ಲ.

ನನ್ನ ಪಿಎಚ್‌ಡಿ ಸದ್ಯಕ್ಕೆ ಅಟ್ಟದ ಮೇಲೆ. ನೋಂದಣಿ ಇದೆ, ಅಷ್ಟೇ. ಮನೆಗೊಂದು ಕಪ್ಪುಕುಳಿ ಸಾಕು ಅನ್ನುತ್ತಾರೆ ಇವರು.

ಹೋದ ವಾರ ಅತ್ತೆ ಬಂದಿದ್ದರು. ಮಗ ಮಾಡುವ ಕೆಲಸ ಏನು ಎಂದು ಕೇಳಿದರು. ಇವರು ಎಷ್ಟು ಚೆನ್ನಾಗಿ ಹೇಳಿದರು ಗೊತ್ತಾ. ದೂರದ ಗ್ಯಾಲಕ್ಸಿಯ ನಡುವೆ ಒಂದು ದೈತ್ಯ ಕಪ್ಪುಕುಳಿ, ಸುತ್ತ ತಟ್ಟೆಯ ಹಾಗೆ ತಿರುಗುವ ಅನಿಲ, ಮೇಲೊಂದು ಕಾದ ಮೋಡ. ಆ ಮೋಡ ಎಕ್ಸ್-ರೇಯಲ್ಲಿ ಮಿಣುಕುತ್ತದೆ. ಒಂದಷ್ಟು ಬೆಳಕು ನೇರ ನಮ್ಮ ಕಡೆಗೆ ಬರುತ್ತದೆ, ಇನ್ನೊಂದಷ್ಟು ತಟ್ಟೆಗೆ ಬಡಿದು ಸ್ವಲ್ಪ ತಡವಾಗಿ ಬರುತ್ತದೆ. ಬಾವಿಯಲ್ಲಿ ಕೂಗಿದ ಹಾಗೆ. ಮಾರ್ದನಿ ಎಷ್ಟು ತಡ ಎಂದು ಎಣಿಸಿದರೆ ತಟ್ಟೆ ಎಷ್ಟು ದೂರ ಎಂದು ಸಿಕ್ಕಿಬಿಡುತ್ತದೆ. ಯಾವ ದುರ್ಬೀನಿಗೂ ಕಾಣದ ಜಾಗವನ್ನು ಬರೀ ತಡ ನೋಡಿ ಅಳೆಯುವುದು. ಅತ್ತೆ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನಿನ್ನ ಹೆಂಡ್ತಿನೂ ಅಳೆದು ನೋಡಪ್ಪ. ಕರೆದ್ರೆ ಐದು ನಿಮಿಷಕ್ಕೆ ಓ ಅಂತಾಳೆ. ಅಡುಗೆಮನೆ ಎಷ್ಟು ಕೋಟಿ ಮೈಲಿ ದೂರ ಆಯ್ತು?" ಅಂದರು. ಇವರು ನಕ್ಕಿದ್ದೇ ನಕ್ಕಿದ್ದು. ನಾನೂ ನಕ್ಕೆ.

ಇನ್ನೊಂದು ವಿಷಯ. ಇವರು ಕೈಗೆತ್ತಿಕೊಂಡಿರುವುದು ನಿನ್ನ 'ಮುದುಕಿ'ಯನ್ನೇ, ಕೆಮ್ಮಿದ ಹಾಗೆ ಮಿಣುಕುತ್ತದೆ ಎಂದು ನೀನು ಹೆಸರಿಟ್ಟ ಆ ಗ್ಯಾಲಕ್ಸಿಯನ್ನೇ. ಲ್ಯಾಬಿನ ನಮ್ಮ ಮೇಷ್ಟ್ರು ಕೊಟ್ಟಿದ್ದು, ಇವರೇನು ಕೇಳಿ ಪಡೆದದ್ದಲ್ಲ. ಆ ಸೋಮವಾರದ ಮೀಟಿಂಗ್ ಮರೆತುಬಿಡು. ಬರೆ.

ನಿನ್ನ
ಗುಬ್ಬಿ

*

ಜೂನ್ 19

ಗುಬ್ಬಿ,

ಪತ್ರ ಬಂತು. ಹರಿದಿಲ್ಲ.

ಫೋನ್ ಬೇಡ. ಮಾತಾಡಲು ಬಾಯಿ ಬರುವುದಿಲ್ಲ, ಬರೆದರೆ ಬರುತ್ತದೆ. ನೀನೂ ಕಾಗದದಲ್ಲೇ ಬರೆ, ಮೇಲೆ ತಾರೀಖು ಹಾಕು.

ಇಲ್ಲಿ ನನ್ನ ಕೆಲಸ ಎಕ್ಸ್-ರೇ ವಿಭಾಗದಲ್ಲಿ. ಯಂತ್ರದ ಹತ್ತಿರ ನಿಲ್ಲುವವರು ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಗಳನ್ನು ತಿಂಗಳಿಗೊಮ್ಮೆ ಬಿಚ್ಚಿ, ಯಾರ ಮೈಗೆ ಎಷ್ಟು ವಿಕಿರಣ ತಾಗಿದೆ ಎಂದು ಬರೆದಿಡುತ್ತೇನೆ. ಆಚೆ ರೂಮಿನಲ್ಲಿ ಟೆಕ್ನಿಷಿಯನ್ "ಉಸಿರು ಬಿಗಿ ಹಿಡೀರಿ" ಎನ್ನುತ್ತಾನೆ. ಆಮೇಲೆ "ಬಿಡಿ" ಎನ್ನಲು ಕೆಲವೊಮ್ಮೆ ಮರೆಯುತ್ತಾನೆ. ಜನ ಹಾಗೇ ನಿಂತಿರುತ್ತಾರೆ.

ಮದುವೆಗೆ ಬರಲಾಗಲಿಲ್ಲ. ಕಥೆಯನ್ನಾದರೂ ಕೇಳುತ್ತೇನೆ. ಹೇಗೆ ಶುರುವಾಯಿತು, ಯಾವತ್ತು, ಯಾರು ಮೊದಲು ಏನು ಅಂದರು, ಮೊದಲಿನಿಂದ ಹೇಳು. ಅವಸರ ಬೇಡ.

ಗಡಿಯಾರ

*

ಜೂನ್ 24

ಬಂಗಾರದ ಗಡಿಯಾರವೇ,

ನಿನ್ನ ಪತ್ರ ನೋಡಿ ಮೆಟ್ಟಿಲ ಮೇಲೇ ಕುಣಿದೆ. ಕೆಳಗಿನ ಮನೆಯಾಕೆ ಬಾಗಿಲು ತೆಗೆದು ಏನಾಯಿತು ಎಂದು ಕೇಳಿದರು. ಕಳೆದುಹೋದ ಗೆಳತಿ ಸಿಕ್ಕಳು ಎಂದೆ.

ಕಥೆ ಬೇಕಾ, ಕೇಳು. ಹೋದ ವರ್ಷ ಫೆಬ್ರವರಿಯಲ್ಲಿ ನಿನಗೆ ಟೈಫಾಯ್ಡ್ ಆಗಿ ಒಂಬತ್ತು ದಿನ ಮಲಗಿದ್ದೆಯಲ್ಲ. ಗಂಜಿ ಕುಡಿಸಿ, ಬಟ್ಟೆ ಒಗೆದು, ನಾನೇ ನೋಡಿಕೊಂಡೆ. ಐದನೆಯ ದಿನ, ಅಂದರೆ ಆರನೆಯ ತಾರೀಖು, ಕಾರಿಡಾರಿನಲ್ಲಿ ಇವರು ಸಿಕ್ಕು ನಿನ್ನ ಆರೋಗ್ಯ ವಿಚಾರಿಸಿದರು. ಆಮೇಲೆ ಅವಳೇನು ಮಾಡುತ್ತಿದ್ದಾಳೆ, ಅಷ್ಟು ಗುಟ್ಟು ಯಾಕೆ ಎಂದರು. ಎರಡು ವರ್ಷದಲ್ಲಿ ಇವರು ನನ್ನ ಹತ್ತಿರ ಅಷ್ಟು ಹೊತ್ತು ಮಾತಾಡಿದ್ದೇ ಇಲ್ಲ. ನನಗೆ ತಲೆ ಗಿರ್ ಅಂತು. ನೀನು ನಿದ್ದೆಯಲ್ಲಿದ್ದೆ. ನಿನ್ನ ಲ್ಯಾಪ್‌ಟಾಪಿನಿಂದ ಮುದುಕಿಯ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗಿ ಇವರ ಟೇಬಲಿನ ಮೇಲೆ ಇಟ್ಟೆ. ಅವಳೇ ನಿಮಗೆ ತೋರಿಸು ಅಂದಳು ಎಂದು ಒಂದು ಪುಟ್ಟ ಸುಳ್ಳು ಹೇಳಿದೆ. ಇಲ್ಲದಿದ್ದರೆ ಮುಟ್ಟುತ್ತಿರಲಿಲ್ಲ, ಅಷ್ಟು ಸಂಭಾವಿತರು. ಅವತ್ತು ಕಾಫಿ ಕೊಡಿಸಿದರು. ಮರುದಿನವೂ. ನಮ್ಮ ಪ್ರೀತಿ ಹುಟ್ಟಿದ್ದೇ ನಿನ್ನ ಪೆನ್‌ಡ್ರೈವಿನಿಂದ ಎಂದು ನಾವಿಬ್ಬರೂ ತಮಾಷೆ ಮಾಡಿಕೊಳ್ಳುತ್ತೇವೆ.

ಆ ಸೋಮವಾರ ಇವರು ಮೀಟಿಂಗಿನಲ್ಲಿ ಅದನ್ನೆಲ್ಲ ಹಾಗೆ ತೋರಿಸುತ್ತಾರೆ ಎಂದು ನನಗೇನು ಗೊತ್ತು. ನೀನು ಎದ್ದು ಇದು ನನ್ನದು ಎಂದಾಗ, ಸಾಕ್ಷಿ ಎಲ್ಲಿ ಎಂದು ಮೇಷ್ಟ್ರು ಕೇಳಿದಾಗ, ನೀನು ನನ್ನ ಕಡೆ ತಿರುಗಿ, "ಗುಬ್ಬಿ, ನನ್ನ ಕಂಪ್ಯೂಟರ್ ಯಾರಾದ್ರೂ ಮುಟ್ಟಿದ್ರಾ?" ಎಂದೆ. ಅಷ್ಟು ಜನರ ಮುಂದೆ ನಾನು ಏನು ಹೇಳಲಿ? ನಮ್ಮ ವಿಷಯ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಇಲ್ಲ ಅಂದೆ. ಬಾಯಿಗೆ ಬಂದದ್ದು ಅದೇ. ಈಗ ನೋಡು, ಎಲ್ಲ ಒಳ್ಳೆಯದೇ ಆಯಿತಲ್ಲ. ನಿನಗೂ ಕೆಲಸ ಸಿಕ್ಕಿತು, ಅದೂ ಎಕ್ಸ್-ರೇಯಲ್ಲೇ.

ಇದನ್ನು ಬರೆದ ಮೇಲೆ ಎದೆ ಹಗುರವಾಯಿತು ಕಣೇ.

ಪ್ರೀತಿಯ ಪ್ರೀತಿಯ
ಗುಬ್ಬಿ

*

ಜುಲೈ 15

ಗುಬ್ಬಿ,

ಉತ್ತರ ತಡವಾಯಿತು. ಓದಲು ಹೊತ್ತು ಹಿಡಿಯಿತು.

ಕಥೆ ಚೆನ್ನಾಗಿದೆ. ತಾರೀಖು ಸಮೇತ ಹೇಳಿದ್ದೀಯ.

ಒಂದೇ ಪ್ರಶ್ನೆ. ಉಪಗ್ರಹದಿಂದ ಬಂದ ಎಕ್ಸ್-ರೇ ಬೆಳಕಿನ ಮೂಲ ಎಣಿಕೆ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಂಗ್ರಹದಲ್ಲಿ ಇದೆ. ನಿನ್ನ ಗಂಡ ಅದನ್ನು ಇಳಿಸಿಕೊಂಡು ಮೊದಲಿನಿಂದ ತಾವೇ ಒಂದು ಸಲ ಎಣಿಸಿದ್ದಾರಾ? ಇಲ್ಲವಾದರೆ ಎಣಿಸಲು ಹೇಳು. ಮೂರು ದಿನದ ಕೆಲಸ. ನಾನು ಹೇಳಿದೆ ಎಂದೇ ಹೇಳು.

ಗಡಿಯಾರ

*

ಜುಲೈ 22

ಗಡಿಯಾರವೇ,

ಹೇಳಿದೆ. ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದರು, ಟವೆಲ್ಲಿನ ಒಳಗಿನಿಂದಲೇ ನಕ್ಕರು. "ಅವಳು ಎಣಿಸಿದ್ದನ್ನ ಇನ್ನೊಂದ್ಸಲ ಎಣಿಸೋದಾ? ಅವಳು ಬಸ್ಸಿನ ಟಿಕೆಟ್ಟನ್ನೂ ಮೂರು ಸಲ ಎಣಿಸೋಳು" ಅಂದರು. ನೋಡು, ನಿನ್ನ ಮೇಲೆ ಎಷ್ಟು ಗೌರವ. ನನಗೆ ಹೆಮ್ಮೆಯಾಯಿತು.

ಲೈಬ್ರರಿಯ ಗುಮಾಸ್ತರು ನಿನ್ನನ್ನು ಕೇಳುತ್ತಿದ್ದರು. ನೀನು ಅರಗು ಹಾಕಿ ಅವರ ಕಪಾಟಿನಲ್ಲಿ ಇಡಿಸುತ್ತಿದ್ದ ಕವರುಗಳು ನೆನಪಿವೆಯಾ? ಅದರಲ್ಲೇನಿದೆ ಎಂದು ಕೇಳಿದರೆ, ನನಗೆ ನಾನೇ ಮೋಸ ಮಾಡಿಕೊಳ್ಳದ ಹಾಗೆ ಬೀಗ ಎನ್ನುತ್ತಿದ್ದೆ. ಒಂದು ಹಾಗೇ ಉಳಿದಿದೆಯಂತೆ, ಏನು ಮಾಡಲಿ ಎಂದರು. ಅವಳು ಬಿಟ್ಟು ಹೋದಳಲ್ಲ, ಎಸೆದುಬಿಡಿ ಎಂದೆ. ಸರಿ ತಾನೇ?

ಇವರಿಗೆ ಇವತ್ತು ನೀಲಿ ಶರಟು ಇಸ್ತ್ರಿ ಮಾಡಿಕೊಟ್ಟೆ. ರಾಜನ ಹಾಗೆ ಕಾಣುತ್ತಾರೆ.

ಗುಬ್ಬಿ

*

ಸೆಪ್ಟೆಂಬರ್ 3

ಗಡಿಯಾರವೇ, ಗಡಿಯಾರವೇ,

ಸಿಕ್ಕಿತು. ನಾನೂರ ಹದಿನೇಳು ಸೆಕೆಂಡು. ಮುದುಕಿಯ ಮಾರ್ದನಿ ಅಷ್ಟು ತಡ. ಪ್ರಬಂಧ ಒಪ್ಪಿಗೆಯಾಗಿದೆ. ಪತ್ರಿಕೆಯವನು ಮನೆಗೇ ಬಂದು ಫೋಟೋ ತೆಗೆದ. ಪರದೆ ಕೊಳೆಯಾಗಿದೆ ಎಂದು ನಾನು ಅಡ್ಡ ನಿಂತಿದ್ದೆ, ಅಂಚಿನಲ್ಲಿ ನನ್ನ ಮೊಣಕೈ ಬಂದಿದೆ. ಆ ಮೊಣಕೈ ನನ್ನದೇ ಎಂದು ಅಮ್ಮನಿಗೆ ಫೋನ್ ಮಾಡಿ ಹೇಳಿದೆ.

ಆ ಸಂಖ್ಯೆ ಕೇಳಿದಾಗಿನಿಂದ ನನಗೆ ಅದರ ಮೇಲೆ ಏನೋ ಮಮತೆ. ಎಲ್ಲೋ ನೋಡಿದ ಹಾಗೆ, ನಮ್ಮ ಮನೆಯದೇ ಎಂಬ ಹಾಗೆ. ಇವರಿಗೆ ಹೇಳಿದರೆ, ಹೆಂಡತಿಯಾದವಳಿಗೆ ಗಂಡನ ಸಂಖ್ಯೆ ಮನೆಯದೇ ಅನ್ನಿಸಬೇಕು ಎಂದರು.

ಕೃತಜ್ಞತೆಯಲ್ಲಿ ನನ್ನ ಹೆಸರಿದೆ, 'ತಾಳ್ಮೆಗಾಗಿ' ಎಂದು. ನಿನ್ನದೂ ಹಾಕಿ ಎಂದೆ. ಜಾಗವಿಲ್ಲವಂತೆ, ನಿನಗೂ ಅದೆಲ್ಲ ಈಗ ಬೇಕಾಗಿಲ್ಲ ಎಂದರು. ಬೇಜಾರು ಮಾಡಿಕೊಳ್ಳಬೇಡ.

ಈ ತಿಂಗಳು ಇಪ್ಪತ್ತೆಂಟಕ್ಕೆ ಖಾಯಂ ಹುದ್ದೆಯ ಇಂಟರ್ವ್ಯೂ. ಇದು ಕೈತಪ್ಪಿದರೆ ಕ್ವಾರ್ಟರ್ಸೂ ಬಿಡಬೇಕು, ಅತ್ತೆಯ ಮನೆಗೆ ಹೋಗಿ ಇರಬೇಕು. ನಾನು ಸತ್ತೇ ಹೋಗುತ್ತೇನೆ. ಆದರೆ ಈ ಪ್ರಬಂಧ ಇರುವಾಗ ಭಯವಿಲ್ಲ.

ಮದುವೆಗೆ ನೀನು ಏನೂ ಕೊಟ್ಟಿಲ್ಲ. ನಿನ್ನ ಆ ಹಳೆಯ ಸ್ಟಾಪ್‌ವಾಚ್ ಕೊಡು. ಕೀ ಕೊಟ್ಟು ತಿರುಗಿಸುವ ಆ ಬೆಳ್ಳಿಬಣ್ಣದ್ದು. ನಿನ್ನ ನೆನಪಿಗೆ ಮನೆಯಲ್ಲಿರಲಿ.

ಹಾರುತ್ತಿರುವ
ಗುಬ್ಬಿ

*

ಸೆಪ್ಟೆಂಬರ್ 20

ಪ್ರೀತಿಯ ಗಡಿಯಾರಕ್ಕೆ,

ಸ್ಟಾಪ್‌ವಾಚ್ ನಿನ್ನೆ ತಲುಪಿತು. ಎಷ್ಟು ಚೆಂದ. ಜೊತೆಗೆ ಪತ್ರ ಇರುತ್ತದೆ ಎಂದು ಹತ್ತಿಯನ್ನೆಲ್ಲ ಬಿಡಿಸಿ ಹುಡುಕಿದೆ, ಇರಲಿಲ್ಲ. ಮುಳ್ಳು ಆರು ನಿಮಿಷ ಐವತ್ತೇಳು ಸೆಕೆಂಡಿಗೆ ನಿಂತಿತ್ತು, ಹಿಂದಕ್ಕೆ ತಿರುಗಿಸಲು ಮರೆತಿದ್ದೀಯ. ಸೊನ್ನೆಗೆ ತಂದು ಅದರಲ್ಲೇ ಮೊಟ್ಟೆ ಬೇಯಿಸಿದೆ. ಸರಿಯಾಗಿ ಬೆಂದವು. ಇಂಟರ್ವ್ಯೂಗೆ ಇನ್ನು ಎಂಟು ದಿನ. ಹಾರೈಸು.

ಗುಬ್ಬಿ

ಮೊಟ್ಟೆ ಚೆನ್ನಾಗಿತ್ತು. ಉಡುಗೊರೆಗೆ ಥ್ಯಾಂಕ್ಸ್. — ನಿನ್ನ ಸೀನಿಯರ್

*

ಸೆಪ್ಟೆಂಬರ್ 29

ಗುಬ್ಬಿ,

ನಿನ್ನೆ ಇಂಟರ್ವ್ಯೂ ಮುಗಿದಿರಬೇಕು. ಚೆನ್ನಾಗಿ ಆಗಿರುತ್ತದೆ. ನಿನ್ನ ಗಂಡನಿಗೆ ಮಾತು ಬರುತ್ತದೆ.

ನೀನು ಕೊಂಡೊಯ್ದ ಫೋಲ್ಡರಿನಲ್ಲಿ ಎರಡು ಸಾಲು ಅಂಕಿಗಳಿವೆ. ಒಂದು ನೇರ ಬಂದ ಬೆಳಕು, ಇನ್ನೊಂದು ತಟ್ಟೆಗೆ ತಾಗಿ ಬಂದ ಬೆಳಕು. ಮೊದಲ ಸಾಲು ಆಕಾಶದ್ದು. ಎರಡನೆಯದು ನಾನು ಕಟ್ಟಿದ್ದು. ಮೊದಲ ಸಾಲನ್ನೇ ನಕಲು ಮಾಡಿ, ಒಂದಿಷ್ಟು ಸೆಕೆಂಡು ಹಿಂದಕ್ಕೆ ಸರಿಸಿ, ಮೇಲೆ ಗದ್ದಲ, ಅಂದರೆ ಅರ್ಥವಿಲ್ಲದ ಏರಿಳಿತ, ಉದುರಿಸಿದ್ದೆ. ನಿಜವಾದ ಎಣಿಕೆಗೆ ಕೈ ಹಾಕುವ ಮೊದಲು ಹೀಗೊಂದು ಸುಳ್ಳು ಕಟ್ಟಿ, ನನ್ನ ಲೆಕ್ಕ ಅದನ್ನು ಹಿಡಿಯುತ್ತದಾ ಎಂದು ನೋಡುವುದು ನನ್ನ ಅಭ್ಯಾಸ. ಕಡತದ ಮೇಲೆ ಸುಳ್ಳು ಎಂದು ಬರೆದರೆ ಕಣ್ಣು ಬೇಕಾದದ್ದನ್ನೇ ಕಾಣುತ್ತದೆ. ಅದಕ್ಕೆ ಯಾವುದು ಕಟ್ಟಿದ್ದು, ಎಷ್ಟು ಸರಿಸಿದ್ದು ಎಂಬುದು ಅರಗು ಹಾಕಿದ ಕವರಿನೊಳಗೆ ಮಾತ್ರ ಇರುತ್ತಿತ್ತು. ಮೇಲೆ ಲೈಬ್ರರಿಯ ತಾರೀಖಿನ ಮುದ್ರೆ. ಆ ಸೋಮವಾರವೇ ಅದನ್ನು ತರಿಸಬಹುದಿತ್ತು, ನಿನ್ನ ಉತ್ತರ ಕೇಳಿದ ಮೇಲೆ ತರಿಸಲಿಲ್ಲ.

ಗುಮಾಸ್ತರು ಅದನ್ನು ಎಸೆದಿಲ್ಲ. ನಿನ್ನ ಮಾತು ಕೇಳಿ ನನಗೆ ಫೋನ್ ಮಾಡಿದರು.

ಎಷ್ಟು ಸರಿಸಲಿ ಎಂದು ಆಗ ಯೋಚಿಸಿ, ನಮ್ಮ ರೂಮಿನ ಬಾಗಿಲಿನಿಂದ ಲ್ಯಾಬಿನ ಬಾಗಿಲಿಗೆ ನಡೆಯುವ ಹೊತ್ತನ್ನೇ ಹಾಕಿದೆ. ನೆನಪಿದೆಯಾ? ಏಳು ದಿನ ನನ್ನ ಸ್ಟಾಪ್‌ವಾಚ್ ಹಿಡಿದು ನಡೆದವಳು ನೀನು. ಕ್ಯಾಲೆಂಡರಿನ ಹಿಂದೆ ಬರೆದು ಸರಾಸರಿ ತೆಗೆದವಳೂ ನೀನು. ಆರು ನಿಮಿಷ ಐವತ್ತೇಳು ಸೆಕೆಂಡು. ನಾನೂರ ಹದಿನೇಳು.

ಜುಲೈಯಲ್ಲಿ ಎಣಿಸಿ ನೋಡಿ ಎಂದೆ. ಸೆಪ್ಟೆಂಬರಿನಲ್ಲಿ ಮುಳ್ಳನ್ನೇ ಅಲ್ಲಿ ನಿಲ್ಲಿಸಿ ಕಳಿಸಿದೆ. ನೀನು ಮೊಟ್ಟೆ ಬೇಯಿಸಿದೆ.

ಇಲ್ಲಿ ಊಟದ ಬಿಡುವಿನಲ್ಲಿ ಕೂತು ಮುದುಕಿಯ ಮೂಲ ಎಣಿಕೆಯನ್ನು ನಾನು ಪೂರ್ತಿ ಮಾಡಿದೆ. ಏನೂ ಇಲ್ಲ. ಬರೀ ಗದ್ದಲ. ಅಷ್ಟು ಮಸುಕಾದ ಗ್ಯಾಲಕ್ಸಿಯಲ್ಲಿ ಮಾರ್ದನಿ ಹಿಡಿಯಲು ಆಗುವುದೇ ಇಲ್ಲ. ನೀವು ಕದ್ದ ವಸ್ತು ಇರಲೇ ಇಲ್ಲ.

ಲೈಬ್ರರಿಯಲ್ಲಿರುವ ಕವರಿನ ಕ್ರಮಸಂಖ್ಯೆ, ಮೂಲ ಎಣಿಕೆ, ನಿನ್ನ ನಾಲ್ಕು ಪತ್ರಗಳ ನಕಲು, ಇಷ್ಟನ್ನು ಸಂಸ್ಥೆಯ ಶಿಸ್ತು ಸಮಿತಿಗೆ ಕಳಿಸಿದ್ದೇನೆ. ಇಂಟರ್ವ್ಯೂ ಮುಗಿದ ಮೇಲೆ ತಲುಪುವಂತೆ ಲೆಕ್ಕ ಹಾಕಿ ಮೊನ್ನೆ ಅಂಚೆಗೆ ಹಾಕಿದೆ. ಮೊಟ್ಟೆಯ ಪತ್ರ ಕಳಿಸಿಲ್ಲ. ಅದು ನನಗಿರಲಿ.

ಗಡಿಯಾರ

*

ನವೆಂಬರ್ 5

ಗಡಿಯಾರವೇ,

ಎಲ್ಲ ಮುಗಿಯಿತು. ಪ್ರಬಂಧ ಹಿಂದಕ್ಕೆ ಪಡೆದರು. ಹುದ್ದೆ ಬೇರೆಯವರಿಗೆ ಹೋಯಿತು. ಸಮಿತಿಯ ಮುಂದೆ ಇವರು, ಫೈಲು ಹೆಂಡತಿ ಕೊಟ್ಟಳು, ಗೆಳತಿ ಒಪ್ಪಿ ಕೊಟ್ಟಿದ್ದಾಳೆ ಅಂದಳು, ನಂಬಿದೆ ಎಂದರು. ಮೀಟಿಂಗಿನಲ್ಲಿ ಆದದ್ದನ್ನು ರೂಮಿನವರ ಜಗಳ ಅಂದುಕೊಂಡಿದ್ದರಂತೆ. ಮೇಷ್ಟ್ರು ನನ್ನ ಜೂನ್ 24ರ ಪತ್ರ ಗಟ್ಟಿಯಾಗಿ ಓದಿದರು. ಪುಟ್ಟ ಸುಳ್ಳು ಎಂಬ ಮಾತನ್ನು ಎರಡು ಸಲ ಓದಿದರು. ಇವರು ತಲೆ ತಗ್ಗಿಸಿ ಕೂತಿದ್ದರು, ಪಾಪದವರ ಹಾಗೆ.

ಇವರಿಗೆ ಅಜಾಗರೂಕತೆ ಎಂದು ಎಚ್ಚರಿಕೆ. ನನ್ನ ನೋಂದಣಿ ರದ್ದು, ಇನ್ನು ಎಲ್ಲಿಯೂ ಓದುವ ಹಾಗಿಲ್ಲ. ನಾನು ಈಗ ಅತ್ತೆಯ ಮನೆಯಲ್ಲಿದ್ದೇನೆ. ಇವರು ಬಂದಿಲ್ಲ. ಸ್ವಲ್ಪ ದಿನ ಇರು ಎಂದಿದ್ದಾರೆ. ಅತ್ತೆ ಬಂದವರಿಗೆಲ್ಲ, "ನನ್ನ ಮಗನ ಕೆಲಸ ತಿಂದೋಳು ಇವಳೇ" ಎಂದು ನನ್ನನ್ನು ಕರೆದು ತೋರಿಸುತ್ತಾರೆ. ಕರೆದರೆ ತಕ್ಷಣ ಬರುತ್ತೇನೆ.

ಮೊಟ್ಟೆ ಬೇಯಿಸಲಿಲ್ಲ. ವಾಚು ಬಂದ ಕ್ಷಣವೇ ನನಗೆ ಗೊತ್ತಾಯಿತು. ಸಂಜೆ ಇವರು ಬಂದಾಗ ಎಲ್ಲ ಹೇಳಿದೆ, ಕ್ಯಾಲೆಂಡರಿನ ಹಿಂದೆ ಬರೆದದ್ದನ್ನೂ ಹೇಳಿದೆ. ಇವರು ವಾಚನ್ನು ಕೈಗೆತ್ತಿಕೊಂಡು ನೋಡಿದರು. ಆಮೇಲೆ ಗುಂಡಿ ಒತ್ತಿ ಸೊನ್ನೆಗೆ ತಂದರು. "ಇಂಟರ್ವ್ಯೂ ಮುಗೀಲಿ. ಮೊಟ್ಟೆ ಬೇಯಿಸಿದೆ ಅಂತ ಬರೆ" ಅಂದರು. ಪಕ್ಕದಲ್ಲಿ ಕೂತು ಬರೆಸಿದರು. ಅನುಮಾನ ಬರದಿರಲಿ ಎಂದು ಕೆಳಗೆ ತಾವೇ ಒಂದು ಸಾಲು ಸೇರಿಸಿದರು. ಸಮಿತಿಯ ಮುಂದೆ ನಾನು ಇದನ್ನು ಹೇಳಿದೆ. ಇವರು, ಯಾವ ವಾಚು, ನನಗೆ ಗೊತ್ತೇ ಇಲ್ಲ ಎಂದುಬಿಟ್ಟರು. ವಾಚು, ನಿನ್ನ ಪತ್ರಗಳು, ಯಾವುದೂ ಮನೆಯಲ್ಲಿ ಇಲ್ಲ, ಇವರು ಏನು ಮಾಡಿದರೋ. ಇವರ ಕೈಬರಹ ಇರುವುದು ಆ ಒಂದು ಪತ್ರದಲ್ಲಿ ಮಾತ್ರ, ಅದು ನಿನ್ನ ಹತ್ತಿರ ಇದೆ.

ಮೇಲ್ಮನವಿಗೆ ಕೊನೆಯ ದಿನ ಇದೇ ಹನ್ನೆರಡು. ಅಷ್ಟರೊಳಗೆ ಆ ಪತ್ರವನ್ನು ಸಮಿತಿಗೆ ಕಳಿಸು. ನನಗೆ ಕ್ಷಮೆ ಬೇಡ, ಕೇಳುವ ಮುಖವೂ ಇಲ್ಲ. ಗೊತ್ತಿದ್ದವಳು ನಾನೊಬ್ಬಳೇ ಅಲ್ಲ ಎಂದು ಒಂದು ಕಡೆ ಬರೆದಿರಲಿ, ಅಷ್ಟು ಸಾಕು.

ಗುಬ್ಬಿ

*

ನವೆಂಬರ್ 17

ಗುಬ್ಬಿ,

ನಿನ್ನ ಪತ್ರ ಒಂಬತ್ತನೆಯ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ತಲುಪಿತು. ಅಂಚೆಯವರು ತಡ ಮಾಡಲಿಲ್ಲ.

ಮೊಟ್ಟೆಯ ಪತ್ರ ಬಂದ ದಿನವೇ ನಾನು ಕೆಳಗಿನ ಸಾಲು ನೋಡಿದ್ದೆ. ನಿನ್ನ ಗಂಡನಿಗೆ ಜನ್ಮದಲ್ಲೇ ಮೊಟ್ಟೆ ಸೇರಿಲ್ಲ. ಎರಡು ವರ್ಷ ಒಂದೇ ಕ್ಯಾಂಟೀನಿನಲ್ಲಿ ಉಂಡವಳು ನಾನು. ಮುಳ್ಳಿನ ಅರ್ಥ ಅವನಿಗೆ ಗೊತ್ತಾಗಿದೆ ಎಂದು ಆಗಲೇ ತಿಳಿಯಿತು, ನಿನಗೂ ಗೊತ್ತಾಗಿದೆ ಎಂದೂ. ಅದಕ್ಕೇ ಅದನ್ನು ಸಮಿತಿಗೆ ಕಳಿಸುವ ಕಟ್ಟಿನಿಂದ ತೆಗೆದಿಟ್ಟೆ.

ಅವನು ಕದ್ದ. ಕಳ್ಳರು ಕದಿಯುತ್ತಾರೆ. ಆ ಸೋಮವಾರ ನಾನು ಅವನನ್ನು ಏನೂ ಕೇಳಿರಲಿಲ್ಲ. ನಿನ್ನನ್ನು ಕೇಳಿದ್ದೆ.

ಸಮಿತಿಯವರು ಹತ್ತನೆಯ ತಾರೀಖು ನನಗೇ ಫೋನ್ ಮಾಡಿದ್ದರು. ಅವಳು ಬರೆದ ಬೇರೆ ಪತ್ರ ಯಾವುದಾದರೂ ನಿಮ್ಮ ಹತ್ತಿರ ಇದೆಯಾ ಎಂದು ಕೇಳಿದರು. ಇಲ್ಲ ಅಂದೆ.

ಗಡಿಯಾರ